ಇಂದ್ರವ್ವ ಬಿದ್ದ ಸುದ್ದಿ

ಗುಳೇದಗುಡ್ಡ
೨೮ ಏಪ್ರಿಲ್ ೨೦೨೫

ಗೆಳೆಯ ಇಮಾಮಸಾಬನಿಗೆ,

ಅಮಾತೆಪ್ಪನ ಶರಣು. ನಿನ್ನ ಎರಡು ಪತ್ರ ಬಂದು ಗೂಡಿನಲ್ಲಿ ಕುಳಿತಿವೆ, ನಾನು ಉತ್ತರ ಬರೆದಿಲ್ಲ. ನೀನು ಸಿಟ್ಟಾಗಿದ್ದೀ ಎಂದು ನಿನ್ನ ಮೊಮ್ಮಗಳು ಖುಶನುಮಾ ಫೋನಿನಲ್ಲಿ ಹೇಳಿದಳು. ಆಗು. ಕಿವಿಗೆ ಮಷಿನ್ ಹಾಕಿಸಿಕೋ ಎಂದು ಎಷ್ಟು ಸಲ ಹೇಳಿದೆ? ಹಾಕಿಸಿಕೊಂಡಿದ್ದರೆ ಫೋನಿನಲ್ಲೇ ಬೈದಾಡಿ ಮುಗಿಸಬಹುದಿತ್ತು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನ ಕೈಯಲ್ಲಿ ಇಷ್ಟುದ್ದ ಬರೆಸುತ್ತೀಯಲ್ಲ, ನಾಚಿಕೆಯಾಗಬೇಕು ನಿನಗೆ.

ತಡವಾದದ್ದಕ್ಕೆ ಕಾರಣ ಇದೆ. ಹೆದರಬೇಡ, ಒಳ್ಳೆಯದರಲ್ಲೇ ಮುಗಿದಿದೆ. ಈಗಷ್ಟೇ ಹೋಳಿಗೆ ತಿಂದು ಕೈ ತೊಳೆದುಕೊಂಡು ಬರೆಯಲು ಕುಳಿತಿದ್ದೇನೆ.

ನಮ್ಮ ಇಂದ್ರವ್ವ ಗೊತ್ತಲ್ಲ, ಹೋದ ದೀಪಾವಳಿಗೆ ಮಗ ಪ್ರವೀಣಕುಮಾರ, ಸೊಸೆ ಬಸವೇಶ್ವರಿ ಬಾಗಲಕೋಟೆಯಿಂದ ಕರೆತಂದ ಹುಡುಗಿ. ತಾಯಿ ತೀರಿಕೊಂಡಿದ್ದಾಳೆ, ತಂದೆಯ ಪತ್ತೆ ಇಲ್ಲ. ಇಂಥ ಮಕ್ಕಳು ಒಂದು ಮನೆಯಲ್ಲಿ ಬೆಳೆಯಲಿ ಎಂದು ಸರಕಾರ ನಮ್ಮಂಥವರ ಹತ್ತಿರ ಇಡುತ್ತದೆ. ದತ್ತಕ ಅಲ್ಲ. ಕೂಸಿನ ಜವಾಬ್ದಾರಿ ಸರಕಾರದ್ದೇ, ಸಾಕುವವರು ನಾವು. ವಯಸ್ಸು ಒಂಬತ್ತು, ಹೆಸರು ಮಾತ್ರ ಎಂಬತ್ತರ ಮುದುಕಿಯದು. ಮಾತೂ ಹಾಗೆಯೇ. ಬಂದ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಾ, ನೀ ಯಾವಾಗಲೂ ಹಿಂಗ ಒದರ್ತೀಯೋ, ಇವತ್ತಷ್ಟೋ?" ಎಂದಳು.

ಈ ತಿಂಗಳ ಮೊದಲಿಗೆ ಬಸವೇಶ್ವರಿ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದಳು. ಇಂದ್ರವ್ವ ಕಾಯಲು ಕುಳಿತಿದ್ದಳು. ಮಂಗ ಬಂತು. ನಮ್ಮ ಕಡೆಯ ಮಂಗಗಳ ಗುಣ ನಿನಗೆ ಗೊತ್ತು, ಬಡಿಗೆ ತೋರಿಸಿದರೆ ಹಲ್ಲು ತೋರಿಸುತ್ತವೆ. ಈಕೆ ಅದನ್ನು ಬೆನ್ನಟ್ಟಿ ಓಡಿದಳು. ಬೆಳಕಿಂಡಿಯ ಮೇಲೆ ಮುಚ್ಚಿದ್ದ ತಗಡು ಜರುಗಿತು. ನಾನು ಕೆಳಗೆ ಮಗ್ಗದ ಕುಣಿಯಲ್ಲಿ ಕುಳಿತು ಕುಪ್ಪಸದ ಖಣ ನೇಯುತ್ತಿದ್ದೆ. ಮೇಲಿಂದ ಬೆಳಕು, ಧೂಳು, ಎರಡು ಸಂಡಿಗೆ, ಅದರ ಹಿಂದೆ ಹುಡುಗಿ! ಮಗ್ಗಕ್ಕೆ ಕೋಣೆಯುದ್ದಕ್ಕೂ ಬಿಗಿದಿದ್ದ ಹಾಸಿನ ನೂಲಿನ ಮೇಲೆ ಬಿದ್ದಳು. ಎಳೆಗಳು ಪಟಪಟ ಹರಿದವು, ಆದರೂ ಅವಳನ್ನು ಹಿಡಿದು ಮೆಲ್ಲಗೆ ನೆಲಕ್ಕಿಳಿಸಿದವು. ಬಲಗೈ ಮಾತ್ರ ಮಗ್ಗದ ಕಟ್ಟಿಗೆಗೆ ಬಡಿಯಿತು.

"ಅಜ್ಜಾ, ಮಂಗ್ಯಾ ಓಡಿ ಹೋತೇನು?" ಎಂಬುದು ಅವಳ ಮೊದಲ ಮಾತು. ಆಮೇಲೆ ಅತ್ತಳು.

ನಾನು ಎಲುಬು ಕಟ್ಟುವವನನ್ನು ಕರೆಯಲು ಚಪ್ಪಲಿ ಮೆಟ್ಟಿದೆ. ಬಸವೇಶ್ವರಿ ಬೇಡ, ಬಾಗಲಕೋಟೆಯ ದೊಡ್ಡ ದವಾಖಾನೆಗೆ ಎಂದಳು. ಆಯಿತು ಎಂದೆ. ಗಾಡಿ ಬರುವಷ್ಟರಲ್ಲಿ ಫೋನ್ ಎತ್ತಿಕೊಂಡಳು.

"ಯಾರಿಗೆ ಹಚ್ಚಾಕತ್ತೀ?"

"ಮಕ್ಕಳ ಕಚೇರಿಗೆ, ಮಾವಾರ. ಇಂಥಾದ್ದು ಆದ್ರ ಅವತ್ತ ತಿಳಸಬೇಕು. ಬಾಯಿಲೆ ಹೇಳಿ, ಆಮ್ಯಾಲ ಬರದೂ ಕೊಡಬೇಕು. ಕರಕೊಂಡು ಬರೂಮುಂದ ಒಪ್ಪಿ ಸಹಿ ಮಾಡೇವಿ."

"ನಮ್ಮ ಮನ್ಯಾಗ ಹುಡುಗಿ ಬಿದ್ರ ಸರಕಾರದ ಗಂಟೇನು ಹೋತು? ನೀ ಬರದು ಕೊಡು, ನಾಳೆ ಅವರು ಕೂಸಿನ್ನ ಎತಗೊಂಡು ಹೋಗ್ತಾರ!"

"ಮುಚ್ಚಿಟ್ರ ಖರೇನ ಒಯ್ತಾರ್ರಿ. ನೀವಿಷ್ಟು ಸುಮ್ಕ ಕೂಡ್ರಿ."

ಸುಮ್ಮನೆ ಕೂಡುವುದು ನನಗೆ ಬರುವುದಿಲ್ಲ. ಮಗನ ಕಡೆ ನೋಡಿದೆ. ಅವನು ಹೆಂಡತಿಯ ಕಡೆ ನೋಡಿದ. ಅಂಥ ಮಗ.

ಆ ದಿನ ಅವರು ದವಾಖಾನೆಯಲ್ಲೇ ಉಳಿದರು. ಮರುದಿನ ಬೆಳಿಗ್ಗೆ ಮನೆಯಲ್ಲಿ ನಾನೊಬ್ಬನೇ. ಹರಿದ ಹಾಸು ಕಣ್ಣಿಗೆ ಚುಚ್ಚುತ್ತಿತ್ತು. ನೀನೂ ನೇಯ್ದವನು, ಹರಿದ ಎಳೆ ಕಂಡರೆ ಜೋಡಿಸದೆ ತುತ್ತು ಇಳಿಯುವುದಿಲ್ಲ. ಕುಳಿತು ಎಲ್ಲ ಎಳೆಗಳಿಗೂ ಗಂಟು ಹಾಕಿದೆ. ಗೌಂಡಿ ಧರ್ಮರಾಜನನ್ನು ಕರೆದು ಬೆಳಕಿಂಡಿಗೆ ಬಂಡೆ ಮುಚ್ಚಿಸಿ ಸಿಮೆಂಟಿನ ಗಿಲಾವು ಮಾಡಿಸಿದೆ. ನೆಲ ಸಾರಿಸಿದೆ. ಮನೆ ಮೊದಲಿನಂತಾಯಿತು, ಇನ್ನು ಯಾರು ಬಂದರೇನು ಎಂದುಕೊಂಡೆ.

ಸಂಜೆ ಮುಂದೆ ಹುಡುಗಿಯನ್ನು ಕರೆದುಕೊಂಡು ಬಂದರು. ಜೊತೆಗೆ ಕಚೇರಿಯ ಮೆಹರುನ್ನಿಸಾ ಎಂಬ ಹೆಣ್ಣುಮಗಳು. ಸಣ್ಣ ವಯಸ್ಸು, ದೊಡ್ಡ ಚೀಲ, ಕಣ್ಣು ಮಾತ್ರ ಪೊಲೀಸರದು.

"ಯಾವಾಗ ಆತು? ಎಲ್ಲಿ? ಹತ್ರ ಯಾರಿದ್ರು? ಎಲ್ಲಿಂದ ಬಿದ್ಲು, ತೋರಸ್ರಿ."

ಏನು ತೋರಿಸಲಿ? ಮೇಲೆ ಹೊಸ ಗಿಲಾವು, ಕೆಳಗೆ ಬಿಗಿದ ಹಾಸು, ಸಾರಿಸಿದ ನೆಲ.

"ನಿನ್ನೆ ಕೂಸು ಬಿದ್ದೈತಿ, ಇವತ್ತ ಒಂದು ಗುರುತೂ ಇಲ್ಲ. ಯಾಕ ಅಳಿಸಿದ್ರಿ, ಅಜ್ಜಾರ?"

"ಅಳಿಸಿಲ್ಲರಿ! ನೆಟ್ಟಗ ಮಾಡೇನಿ!" ಎಂದು ಒದರಿದೆ. ಒದರಿದ್ದು ಇನ್ನೂ ಕೆಟ್ಟದ್ದಾಯಿತು. ಮನೆಯಲ್ಲಿ ಸಿಟ್ಟಿನ ಮುದುಕ, ಕೈ ಮುರಿದ ಹುಡುಗಿ, ಒರೆಸಿಟ್ಟ ಜಾಗ. ಆಕೆಯ ತಲೆಯಲ್ಲಿ ಏನು ಬಂದಿದೆ ಎಂದು ನನಗೂ ತಿಳಿಯಿತು. ಇಮಾಮಸಾಬ, ಹುಡುಗಿ ಹೋದಳು, ನನ್ನ ಶಾಣ್ಯಾತನದಿಂದಲೇ ಹೋದಳು ಎಂದುಕೊಂಡೆ.

ಮೆಹರುನ್ನಿಸಾ ನಮ್ಮನ್ನೆಲ್ಲ ಹೊರಗೆ ಕಳಿಸಿ ಇಂದ್ರವ್ವನ ಜೊತೆ ಒಬ್ಬರೇ ಕುಳಿತರು. ನಾನು ಕಟ್ಟೆಯ ಮೇಲೆ. ಕಿವಿ ಮಾತ್ರ ಒಳಗೆ. ಆಮೇಲೆ ನಗು ಕೇಳಿತು. ಇಬ್ಬರದೂ.

ಒಳಗೆ ಕರೆದರು. ಇಂದ್ರವ್ವ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು, ಇನ್ನೊಂದು ಕೈಯಿಂದ ಮೆಹರುನ್ನಿಸಾ ಅವರ ಅಂಗೈಯನ್ನು ಹಾಸಿನ ಮೇಲೆ ಸರಿಸುತ್ತಿದ್ದಳು. "ಇಲ್ಲಿ ನುಣ್ಣಗೈತಿ ಹೌದಿಲ್ರಿ? ಈ ಕಡೆ ಬರ್ರಿ, ಗರಗರ ಅಂತೈತಿ. ಇವೆಲ್ಲಾ ಅಜ್ಜನ ಗಂಟು. ಇದು ನನ್ನ ಬೆನ್ನು, ಇದು ಕಾಲು."

ಹೌದಲ್ಲ! ಎಳೆ ಹರಿದಲ್ಲೆಲ್ಲ ಗಂಟು, ಗಂಟೆಲ್ಲ ಸೇರಿ ಅಡ್ಡ ಬಿದ್ದ ಹುಡುಗಿಯಷ್ಟು ಜಾಗ. ಮೆಹರುನ್ನಿಸಾ ತಲೆಯೆತ್ತಿದರು. ಸರಿಯಾಗಿ ಅದರ ನೆತ್ತಿಯ ಮೇಲೆ ಹಸಿ ಗಿಲಾವು. ಅಷ್ಟಕ್ಕೇ ಬಿಡಲಿಲ್ಲ. ಮಾಳಿಗೆ ಹತ್ತಿ ನೋಡಿದರು, ಧರ್ಮರಾಜನನ್ನು ಕರೆಸಿ ಕೇಳಿದರು, ಡಾಕ್ಟರಿಗೆ ಫೋನ್ ಮಾಡಿದರು. ಆಮೇಲೆ ಕುಳಿತು ನನ್ನ ಎದುರಿಗೇ ಬರೆದರು.

"ಇನ್ನೊಂದು ಬರಕೋರಿ, ಮೇಡಂ," ಎಂದಳು ನಮ್ಮ ಮುದುಕಿ. "ಅಜ್ಜ ಭಾಳ ಒದರ್ತಾನ."

"ಹೊಡೀತಾನೇನವಾ?"

"ಏ, ಇಲ್ರೀ. ಒದರಿ ಒದರಿ ತಾನ ದಣೀತಾನ. ಆಮ್ಯಾಲ ನನಗ ಚುರಮುರಿ ತಂದು ಕೊಡ್ತಾನ."

ಅದನ್ನೂ ಬರೆದುಕೊಂಡರಲ್ಲೋ! ಬೇಡ ಎಂದು ಕೂಗಬೇಕೆನಿಸಿತು, ಕೂಗಿದರೆ ಅದೇ ಸಾಕ್ಷಿ. ಬಾಯಿ ಮುಚ್ಚಿಕೊಂಡೆ. ಬಸವೇಶ್ವರಿ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಮೊನ್ನೆ ಬಾಗಲಕೋಟೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯವರು ಕರೆಸಿದ್ದರು. ವರದಿ ಓದಿದರು, ಹುಡುಗಿಯನ್ನು ಇನ್ನೊಮ್ಮೆ ಕೇಳಿದರು, ಇದ್ದಲ್ಲೇ ಇರಲಿ ಎಂದರು. ದೊಡ್ಡವರಿಲ್ಲದೆ ಮಾಳಿಗೆಗೆ ಕಳಿಸಬೇಡಿ, ನಾವು ಮತ್ತೆ ಬಂದು ನೋಡುತ್ತೇವೆ ಎಂದರು. ಮುಂದೆ ಏನಾದರೂ ಆದರೆ ನೆಲ ಸಾರಿಸುವ ಮೊದಲು ನಮ್ಮನ್ನು ಕರೆಯಿರಿ ಎಂದಾಗ ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಸೊಸೆ ಅದೇ ದಿನ ತಿಳಿಸಿದ್ದರಿಂದಲೇ ನಿಮ್ಮನ್ನು ನಂಬಲು ದಾರಿಯಾಯಿತು ಎಂದೂ ಹೇಳಿದರು. ತಿರುಗಿ ಬರುವಾಗ ಬಸವೇಶ್ವರಿ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚಲೋ ಇತ್ತು.

ಇವತ್ತು ಅದಕ್ಕೇ ಹೋಳಿಗೆ. ಓಣಿಯ ಹುಡುಗರು ಬಂದು ಪ್ಲಾಸ್ಟರಿನ ತುಂಬ ಮಂಗ ಬರೆದಿದ್ದಾರೆ. ನೀನೂ ಏನಾದರೂ ಬರೆ ಎಂದಳು ಇಂದ್ರವ್ವ. ಜಾಗ ಇರಲಿಲ್ಲ, ಮುಂಗೈ ಹತ್ತಿರ ಸಣ್ಣದಾಗಿ 'ಅಜ್ಜ' ಎಂದು ಬರೆದೆ. ಅಕ್ಷರ ಸೊಟ್ಟ ಎಂದು ನಕ್ಕಳು.

ಮನೆಯಲ್ಲಿ ಬಿಬಿಜಾನ ವೈನಿಯವರಿಗೆ ಕೇಳಿದೆನೆಂದು ಹೇಳು. ಖುಶನುಮಾ ಚೆನ್ನಾಗಿ ಓದಲಿ, ದೊಡ್ಡವಳಾಗಲಿ. ನಿಮ್ಮ ಮನೆ ನಗುತ್ತಿರಲಿ, ನಿನ್ನ ಮೊಣಕಾಲಿನ ನೋವು ನಿನ್ನ ಕಾಟ ತಾಳದೆ ಓಡಿಹೋಗಲಿ.

ನಿನ್ನ
ಅಮಾತೆಪ್ಪ

ತಾ.ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ನನಗೊಬ್ಬ ಅಕ್ಕ ಇದ್ದಳು, ಕಾಶವ್ವ. ನೀನು ನಮ್ಮ ಓಣಿಗೆ ಬರುವುದಕ್ಕೆ ಮೊದಲಿನ ಮಾತು, ನಿನಗೆ ಹೇಳಿಲ್ಲ. ಆಗ ಇಂದ್ರವ್ವನಷ್ಟೇ ವಯಸ್ಸು. ಮನೆಯಲ್ಲಿ ಉಣ್ಣಲು ಸಾಲದೆಂದು ಗುಡೂರಿನ ದೂರದ ಸಂಬಂಧಿಕರಲ್ಲಿ ಬಿಟ್ಟಿದ್ದರು. ಒಂದು ದಿನ ಯಾರೋ ಬಂದು, ಹುಡುಗಿ ತೀರಿಕೊಂಡಳು ಎಂದರು. ಅಪ್ಪ ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಒಬ್ಬರು ಬಿದ್ದಳು ಎಂದರಂತೆ, ಒಬ್ಬರು ಜ್ವರ ಎಂದರಂತೆ. ಅಪ್ಪ ಏನೂ ಕೇಳಲಿಲ್ಲ, ತಿರುಗಿ ಬಂದು ಮಗ್ಗದಲ್ಲಿ ಕುಳಿತ. ಮನೆಯಲ್ಲಿ ಅವಳ ಹೆಸರು ಮತ್ತೆ ಯಾರೂ ಎತ್ತಲಿಲ್ಲ.

ಯಾವಾಗ, ಎಲ್ಲಿ, ಹತ್ತಿರ ಯಾರಿದ್ದರು ಎಂದು ಮೆಹರುನ್ನಿಸಾ ಒಂದೊಂದಾಗಿ ಕೇಳಿದ ಮೇಲೆಯೇ ನಾನು ಒದರಿದ್ದು. ಸಿಟ್ಟು ಎಂದು ಎಲ್ಲರೂ ತಿಳಿದರು. ಸಿಟ್ಟಲ್ಲ. ಕಾಶವ್ವನ ಸಲುವಾಗಿ ಈ ಮಾತುಗಳನ್ನು ಯಾರೂ ಕೇಳಿರಲಿಲ್ಲ.

ಗುಡೂರು ನಿನ್ನ ಇಳಕಲ್ಲಿನ ಕಡೆಗೇ. ಅಲ್ಲಿ ಆ ಕಾಲದ ಮುದುಕಿಯರು ಯಾರಾದರೂ ಉಳಿದಿದ್ದರೆ ಹೋಗಿ ಕೇಳು. ಖುಶನುಮಾಳನ್ನು ಕರೆದುಕೊಂಡು ಹೋಗು, ಅವರು ಹೇಳಿದ್ದನ್ನು ಅವಳು ಕೇಳಿಸಿಕೊಳ್ಳಲಿ. ಏನು ತಿಳಿದರೂ ಬರೆ. ಕೆಟ್ಟದ್ದಿದ್ದರೂ ಬರೆ. ಏನೂ ತಿಳಿಯದಿದ್ದರೆ, ಕೇಳಿದೆ, ತಿಳಿಯಲಿಲ್ಲ ಎಂದಾದರೂ ಬರೆ.