ಗುಡ್ಡದಂಥ ಗೆರೆ

ಶಿಡ್ಲಘಟ್ಟ, ಶುಕ್ರವಾರ

ಶೈಲಜಾ ಮಿಸ್ ಅವರಿಗೆ, ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟ ಚೈತ್ರಳ ನಮಸ್ಕಾರ.

ರೇಷ್ಮೆಹುಳ ಗೂಡು ಕಟ್ಟುವ ಚಂದ್ರಿಕೆಗೆ ಹುಳ ಹೆಚ್ಚು ಬಿಟ್ಟಂತೆ ಒಳ್ಳೆ ಗೂಡೂ ಹೆಚ್ಚುತ್ತದೆ. ಒಂದು ಹಂತ ದಾಟಿದರೆ ಇಕ್ಕಟ್ಟಾಗಿ, ಎರಡೆರಡು ಹುಳ ಒಂದೇ ಗೂಡು ಕಟ್ಟಿ ಕೆಡಿಸುತ್ತವೆ. ಹೋದ ಬೆಳೆಯಲ್ಲಿ ಹಣ್ಣಾಗಿ ಗೂಡು ಕಟ್ಟಲು ತಯಾರಾದ ಹುಳಗಳು ತಲೆಯಾಡಿಸುವುದನ್ನೇ ನೋಡುತ್ತ ಕೂತಿದ್ದಾಗ, ವರ್ಗಸಮೀಕರಣಕ್ಕೆ ನೀವು ಬೋರ್ಡಿನ ಮೇಲೆ ಎಳೆದಿದ್ದ ಗುಡ್ಡದಂಥ ಗೆರೆ ಕಣ್ಣೆದುರು ತೇಲಿಬಂತು.

"ಈ ಸಲ ಹುಳ ನೀನೇ ಬಿಡಮ್ಮ. ಕೆಟ್ರೆ ಇನ್ಮೇಲೆ ನಂಗೆ ಬುದ್ಧಿ ಹೇಳ್ಬೇಡ" ಅಂದಿದ್ದಾರೆ ಅಪ್ಪ.

ಹೋದ ಬೆಳೆಯಲ್ಲಿ ಬೇರೆ ಬೇರೆ ಲೆಕ್ಕಕ್ಕೆ ಹುಳ ಬಿಟ್ಟಿದ್ದ ಮೂರು ಚಂದ್ರಿಕೆಗಳ ಒಳ್ಳೆ ಗೂಡು ಎಣಿಸಿದ್ದೇನೆ. ಎಷ್ಟು ಹುಳ ಬಿಟ್ಟರೆ ಒಳ್ಳೆ ಗೂಡು ಎಲ್ಲಕ್ಕಿಂತ ಹೆಚ್ಚು ಅಂತ, ಆ ಗುಡ್ಡದ ತುದಿ ಕಂಡುಹಿಡಿಯುವುದು ನನಗೆ ಬರಲ್ಲ. ಶಾಲೆಗೆ ವಾಪಸ್ ಬರ್ತೀನಿ ಅಂತ ಸುಳ್ಳು ಹೇಳಲಾರೆ. ಭಾನುವಾರ ನೀವೇ ಬಂದು ಹೇಳಿಕೊಡಿ. ಸೆಂಟು ಹಾಕಿಕೊಂಡು ಬರಬೇಡಿ, ಹುಳಗಳಿಗೆ ಆಗಲ್ಲ. ನನಗೇನೋ ಆ ಪರಿಮಳ ಇಷ್ಟವೇ.

ಕಾಯುತ್ತಿರುವ,
ಚೈತ್ರ