ಬಿದ್ದದ್ದನ್ನು ತಾನೇ ತೋರಿಸುವವಳು

ನಿಶಿ ಕಸಾಯಿ, ಟೋಕಿಯೊ
೯ ಫೆಬ್ರವರಿ ೨೦೨೫

ಪ್ರೀತಿಯ ಸುಭದ್ರಕ್ಕನಿಗೆ ಕೋಕಿಲಾಳ ನಮಸ್ಕಾರ.

ನನ್ನ ಅಕ್ಷರ ಸೊಟ್ಟಗಿದೆ, ಒತ್ತುಗಳೂ ಎಲ್ಲೆಲ್ಲಿ ತಪ್ಪಿವೆಯೋ ಗೊತ್ತಿಲ್ಲ. ತಿದ್ದಿಕೊಂಡು ಓದು. ದೀಪಾವಳಿಯ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ.

ನಾವು ಗಂಡ ಹೆಂಡತಿ ಇಬ್ಬರೂ ಚೆನ್ನಾಗಿದ್ದೇವೆ. ಹೋಟೆಲಿನಲ್ಲಿ ಮಧುಕರ್ ದೋಸೆ ಹಾಕುತ್ತಾರೆ, ನಾನು ಮಧ್ಯಾಹ್ನದವರೆಗೆ ಚಪಾತಿ ಲಟ್ಟಿಸುತ್ತೇನೆ. ಹೋದ ತಿಂಗಳಿಂದ ನಮ್ಮ ಅಡುಗೆಮನೆಯಲ್ಲಿ ಎಲ್ಲರ ಫೋನಿನಲ್ಲೂ ಒಬ್ಬಳೇ ಹುಡುಗಿ. ಸ್ವೀಡನ್ನಿನ ಎಲ್ಸಾ. ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು, ಕೋಲೂರುತ್ತಾ ಹಿಮದ ಮೇಲೆ ಮೈಲಿಗಟ್ಟಲೆ ಓಡುತ್ತಾಳೆ. ಗೆದ್ದ ವಿಡಿಯೋ ಹಾಕುವುದಿಲ್ಲ, ಬಿದ್ದದ್ದನ್ನೇ ಹಾಕುತ್ತಾಳೆ. ಒಂದರಲ್ಲಿ ಇಳಿಜಾರಿನಲ್ಲಿ ಉರುಳಿ, ಹಿಮ ಉಗಿದು, ಎಲ್ಲರಿಗಿಂತ ಕೊನೆಗೆ ಗುರಿ ಮುಟ್ಟಿದಳು. ಅದನ್ನು ನೋಡಿದವರೇ ಇಪ್ಪತ್ತು ಲಕ್ಷ ಜನ.

ಅದೇ ವಾರ ಊಟ ಕಟ್ಟಿಸಿಕೊಳ್ಳಲು ಬಂದ, ಇಲ್ಲಿನ ಭಾಷೆ ಬಲ್ಲ ಸಂಜನಾ ಮೇಡಂ ಒಂದು ವಿಷಯ ಹೇಳಿದರು. ಇಲ್ಲಿ ದೊಡ್ಡವರಿಗೂ ಸಂಜೆ ಹೊತ್ತು ಸರ್ಕಾರಿ ಶಾಲೆ ನಡೆಯುತ್ತದಂತೆ, ವಿದೇಶದವರನ್ನೂ ಸೇರಿಸಿಕೊಳ್ಳುತ್ತಾರಂತೆ. ಆದರೆ ಒಂಬತ್ತನೇ ತರಗತಿ ಮುಗಿಸದವರಿಗೆ ಮಾತ್ರ. ನಾನು ಲಟ್ಟಣಿಗೆ ಬಿಟ್ಟು ಹತ್ತಿರ ಹೋದೆ. ಅಷ್ಟರಲ್ಲಿ ಇವರು ಕಾವಲಿಯ ಹತ್ತಿರದಿಂದಲೇ ಹೆಮ್ಮೆಯಿಂದ, "ನಮ್ಮವಳು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಮೇಡಂ, ಇವಳಿಗೆ ಸೀಟು ಸಿಗಲ್ಲ" ಅಂದರು.

ಮದುವೆಯ ಮಾತುಕತೆಯಲ್ಲಿ ನಾವು ಹಾಗೆ ಹೇಳಿದ್ದೆವಲ್ಲ, ಅಕ್ಕ. ನಾನು ಐದನೇ ತರಗತಿಗೇ ಬಿಟ್ಟವಳೆಂದು ಇವರಿಗೆ ಗೊತ್ತೇ ಇರಲಿಲ್ಲ. ಶಾಲೆ ಬೇಕಾದರೆ ಸುಳ್ಳನ್ನು ಒಪ್ಪಿಕೊಳ್ಳಬೇಕು. ಸುಮ್ಮನಿದ್ದರೆ ಶಾಲೆ ತಪ್ಪುತ್ತದೆ. ಹತ್ತು ದಿನ ಊಟ ಸೇರಲಿಲ್ಲ.

ಹೋದ ಭಾನುವಾರ ಇವರು ಮತ್ತೆ ಆ ವಿಡಿಯೋ ತೋರಿಸಿ, "ನೋಡೇ, ತಾನು ಬಿದ್ದಿದ್ದನ್ನ ತಾನೇ ಹಾಕ್ತಾಳೆ. ಅದಕ್ಕೇ ಜನಕ್ಕೆ ಇವಳು ಇಷ್ಟ" ಅಂದರು. ನಾನು ಕಣ್ಣು ಮುಚ್ಚಿಕೊಂಡು, "ನಂದೂ ಒಂದಿದೆ, ಹೇಳ್ಲಾ?" ಎಂದು ಎಲ್ಲ ಹೇಳಿಬಿಟ್ಟೆ.

ಫೋನು ಕೆಳಗಿಟ್ಟರು. ಆಮೇಲೆ ಕೇಳಿದರು.

"ಮತ್ತೆ ಇಂಗ್ಲಿಷ್ ಲೆಟರ್ ಬಂದಾಗೆಲ್ಲಾ ಓದಿ ಅರ್ಥ ಹೇಳ್ತಿದ್ದೆ?"

"ಅಂದಾಜಿನ ಮೇಲೆ."

"ವೀಸಾದ್ದೂ?"

"ಅದೂ ಅಂದಾಜೇ."

ಎರಡು ದಿನ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ನನಗೆ ಬೇಕಾದ ಪಾತ್ರೆಯನ್ನು ಮಾತ್ರ ಹತ್ತಿರ ಸರಿಸುತ್ತಿದ್ದರು. ಮೂರನೆಯ ದಿನ ವಾರ್ಡ್ ಆಫೀಸಿನಿಂದ ಅರ್ಜಿ ತಂದು ನನ್ನ ಮುಂದಿಟ್ಟು, "ಇದನ್ನಾದ್ರೂ ಅಂದಾಜಿನ ಮೇಲೆ ತುಂಬಬೇಡ, ಸಂಜನಾ ಮೇಡಂನ ಕೇಳು" ಅಂದರು. ಹೇಳುತ್ತಾ ನಕ್ಕರು. ನಾನು ಅತ್ತೆ, ಆದರೆ ದುಃಖಕ್ಕಲ್ಲ. ತರಗತಿ ಶುರುವಾಗುವುದು ಏಪ್ರಿಲ್‌ನಲ್ಲಿ.

ಭಾವನಿಗೆ ನಮಸ್ಕಾರ. ಮಕ್ಕಳಿಗೆ ದೇವರು ಒಳ್ಳೆಯ ಬುದ್ಧಿ, ಆಯಸ್ಸು ಕೊಡಲಿ.

ನಿನ್ನ ತಂಗಿ,
ಕೋಕಿಲಾ

ಕಾಗದ ಮಡಿಸುವ ಮುಂಚೆ ಇನ್ನೊಂದು ಮಾತು. ಮದುವೆಯಲ್ಲಿ ಹೇಳಿದ ಸುಳ್ಳಿಗೆ ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ಸಿಟ್ಟಿರುವುದು ಬೇರೆಯದಕ್ಕೆ. ಅಪ್ಪ ನನ್ನನ್ನು ಶಾಲೆ ಬಿಡಿಸಿದ ದಿನ ನೀನು ಹತ್ತನೆಯದರಲ್ಲಿದ್ದೆ. ನಿನ್ನ ಮಾತೆಂದರೆ ಅಪ್ಪ ಕೇಳುತ್ತಿದ್ದರು. ನಾನು ನಿನ್ನ ಮುಖವನ್ನೇ ನೋಡಿದೆ. ನೀನು ಜಡೆಗೆ ರಿಬ್ಬನ್ ಕಟ್ಟಿಕೊಂಡು ಬಸ್ಸಿಗೆ ಹೋದೆ. ಇದನ್ನು ಇವರಿಗೂ ಹೇಳಿಲ್ಲ, ನಿನಗೇ ಮೊದಲು ಹೇಳಬೇಕಿತ್ತು. ಬೇಜಾರು ಮಾಡಿಕೊಂಡರೂ ಸರಿ, ಉತ್ತರ ಬರಿ.

ಇವತ್ತು ಬೆಳಿಗ್ಗೆ ಅರ್ಜಿಯಲ್ಲಿ ಎಲ್ಲಿಯವರೆಗೆ ಓದಿದ್ದೀರಿ ಎಂದು ಕೇಳಿದ ಜಾಗದಲ್ಲಿ ಪೆನ್ನಿನಿಂದ ಐದು ಎಂದು ಬರೆದೆ.