ಕಟ್ಟಡದ ಮೇಲಿನ ಕಂಬ

ರೈಸ್‌ವೈಕ್
೧೪ ಅಕ್ಟೋಬರ್ ೨೦೨೪, ಸೋಮವಾರ

ಪ್ರೀತಿಯ ಪೂವಪ್ಪಣ್ಣನಿಗೆ ತಂಗಿ ಅಕ್ಕುವಿನ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗುಂಟು? ಅತ್ತಿಗೆ ಶುಗರಿನ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರೋ, ಇಲ್ಲ ಕಡಿಮೆಯಾಯಿತೆಂದು ನಡುವಲ್ಲೇ ಬಿಟ್ಟರೋ? ಗುಡಿಯ ಮೆಟ್ಟಿಲಲ್ಲಿ ಪಾಚಿ ಇದ್ದರೆ ಯಾರಿಗಾದರೂ ಹೇಳಿ ಉಜ್ಜಿಸಿ, ನೀವು ಬಗ್ಗಲು ಹೋಗಬೇಡಿ. ನಾನು ಇಲ್ಲಿ ಡಚ್ಚರ ದೇಶದಲ್ಲಿ ಮಗ ವಿಖ್ಯಾತನ ಮನೆಯಲ್ಲಿ ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ, ಎರಡೆರಡು ಸಾಕ್ಸ್ ಹಾಕಿಕೊಂಡೇ ಅಡಿಗೆ ಮಾಡುವುದು. ಫೋನ್ ಇರುವಾಗ ಇವಳು ಕಾಗದ ಯಾಕೆ ಬರೆದಳೆಂದು ಗಾಬರಿಯಾಗಬೇಡಿ. ಫೋನಿನಲ್ಲಿ ಹೇಳಲು ಹೋದರೆ ಅಳು ಬಂದು ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಇದನ್ನು ನೀವು ನಮ್ಮ ದೈವದ ಗುಡಿಯ ಎದುರು ನಿಂತು ಓದಿ ಹೇಳಬೇಕು, ಅದಕ್ಕೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ. ತಪ್ಪಿದ್ದಲ್ಲಿ ನೀವೇ ಸರಿ ಮಾಡಿ ಓದಿ, ದೈವಕ್ಕೆ ಬೇರೆ ಅರ್ಥ ಹೋಗಬಾರದು.

ವಿಖ್ಯಾತನ ಅಪ್ಪ ಮಂಗಳೂರಿನಲ್ಲಿ ಫ್ಲಾಟಿನ ತುದಿಗೆ ಬಣ್ಣ ಬಳಿಯುವಾಗ ಹಗ್ಗ ಜಾರಿ ಬಿದ್ದು ತೀರಿಹೋದದ್ದನ್ನು ನಿಮಗೆ ಹೇಳಬೇಕಾಗಿಲ್ಲ, ಆಸ್ಪತ್ರೆಯಿಂದ ತಂದವರೇ ನೀವು. ಆದರೆ ದೈವಕ್ಕೆ ಮೊದಲಿಂದ ಹೇಳಬೇಕಲ್ಲ. ಹುಡುಗ ಡಿಪ್ಲೊಮಾ ಮುಗಿಸಿ ಟವರ್ ಕಂಪನಿಗೆ ಸೇರುತ್ತೇನೆ ಅಂದಾಗ ನಾನು ಊಟ ಬಿಟ್ಟು ಮಲಗಿದೆ. ಕೊನೆಗೆ ನೀವು ಅವನನ್ನು ಗುಡಿಯ ಎದುರು ನಿಲ್ಲಿಸಿ, ಕೈಗೆ ಗಂಧಪ್ರಸಾದ ಕೊಟ್ಟು, "ಯಾವ ಕಟ್ಟಡದ ತುದಿಗೂ ಏರುವುದಿಲ್ಲ" ಎಂದು ಹೇಳಿಸಿದಿರಿ. ಅವನು ಹೇಳಿದ. ನಾನು ನಂಬಿದೆ. ಅವನು ಸುಳ್ಳು ಹೇಳಿದನೆಂದು ಈಗಲೂ ಹೇಳುವುದಿಲ್ಲ.

ಇಲ್ಲಿ ಬಂದ ಮೇಲೆ ಗೊತ್ತಾಯಿತು, ಅವನ ಕೆಲಸವೇ ದೊಡ್ಡ ದೊಡ್ಡ ಕಟ್ಟಡಗಳ ಮೇಲಿನ ಆಂಟೆನಾ ಕಂಬಕ್ಕೆ ಹತ್ತಿ ರಿಪೇರಿ ಮಾಡುವುದು. ಗುಡಿಯ ಎದುರು ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ಕೇಳಿದೆ. ಅವನು ನಗುತ್ತಾ ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದ. ಎತ್ತರದ ಕಟ್ಟಡಗಳನ್ನು ಅಳೆಯುವವರ ಒಂದು ಸಂಘ ಉಂಟಂತೆ. ಅವರು ಆಂಟೆನಾವನ್ನು ಕಟ್ಟಡದ ಎತ್ತರಕ್ಕೆ ಸೇರಿಸುವುದೇ ಇಲ್ಲವಂತೆ, ಅದು ಇವತ್ತು ಕೂರಿಸಿ ನಾಳೆ ತೆಗೆಯುವ ಸಾಮಾನು. ಕಟ್ಟಿದವರು ಮೊದಲಿನ ನಕ್ಷೆಯಲ್ಲೇ ಬರೆದು ನಿಲ್ಲಿಸಿದ ಶಿಖರ ಮಾತ್ರ ಲೆಕ್ಕ. "ನಮ್ಮ ಗುಡಿಯ ತುದಿಯ ಕಲಶದಂಥ ಮುಗುಳಿ ಗುಡಿಗೆ ಸೇರಿದ್ದು, ದೈವದ ನೇಮದ ಉತ್ಸವದ ದಿನ ಮಾಡಿನ ಮೇಲೆ ಕಟ್ಟುವ ಮೈಕ್ ಸೇರಿದ್ದಲ್ಲ. ನಾನು ಮೈಕಿಗೆ ಹತ್ತುವವ ಅಮ್ಮಾ, ತುದಿಗಲ್ಲ" ಅಂದ. ಮತ್ತೆ ನಿಜವಾಗಿಯೂ, ಶಿಖರದ ಕೆಲಸ ಬಂದರೆ ಅವನು ಒಪ್ಪುವುದಿಲ್ಲ. ಶಿಖರಕ್ಕೆ ಹೆದರುವವ ಅದಕ್ಕಿಂತ ಸಪೂರದ ಆಂಟೆನಾಕ್ಕೆ ಯಾಕೆ ಹೆದರುವುದಿಲ್ಲ ಎಂದು ಅವನ ಡಚ್ ಸಾಹೇಬರು ತಲೆ ಕೆರೆದುಕೊಂಡರಂತೆ. ಅವನ ಜೊತೆ ಹತ್ತುವ ಮನೀಶ್ ಎಂಬ ಮೈಸೂರಿನ ಹುಡುಗ ಭಾನುವಾರ ನೀರುದೋಸೆಗೆಂದೇ ಬರುತ್ತಾನೆ. ಅವನದ್ದು ಯಾವಾಗಲೂ ತಮಾಷೆ. "ಆಂಟಿ, ನಮ್ಮ ನಂಜುಂಡೇಶ್ವರ ಇಷ್ಟೆಲ್ಲ ಮೀಟರ್ ಲೆಕ್ಕ ಕೇಳಲ್ಲ, ಅದಕ್ಕೇ ಇವನು ಬಿಟ್ಟ ಶಿಖರಗಳೆಲ್ಲ ನನ್ನ ತಲೆಗೆ" ಅನ್ನುತ್ತಾನೆ. ನಾನೂ ನಗುತ್ತಿದ್ದೆ.

ಹೋದ ತಿಂಗಳು ರೋಟರ್‌ಡ್ಯಾಮಿನಲ್ಲಿ ನದಿ ಬದಿಯ ಒಂದು ಹೊಸ ಕಟ್ಟಡದ ಕಂಬಕ್ಕೆ ಇಬ್ಬರೂ ಹತ್ತಿ ಬಂದರು. ಅದು ಆಂಟೆನಾ ಎಂದೇ ಇವರಿಗೆ ಹೇಳಿದ್ದಂತೆ. ಒಂದು ವಾರ ಕಳೆದು ಊಟಕ್ಕೆ ಕೂತಾಗ ಸೊಸೆ ತನುಶ್ರೀ ಫೋನ್ ನೋಡುತ್ತಾ, "ವಿಖ್ಯಾತ್, ನಿನ್ನ ಕಂಬಕ್ಕೆ ಪ್ರಮೋಷನ್ ಆಗಿದೆ ನೋಡು" ಅಂದಳು. ಆ ಕಂಬ ಮೊದಲಿಂದಲೂ ನಕ್ಷೆಯಲ್ಲಿ ಇದ್ದದ್ದಂತೆ, ಆಂಟೆನಾ ಅದರ ಮೈಗೆ ಆಮೇಲೆ ಕಟ್ಟಿದ್ದಂತೆ, ಆದ್ದರಿಂದ ಅದು ಶಿಖರವೇ ಎಂದು ಸಂಘದವರು ತೀರ್ಮಾನ ಮಾಡಿದರಂತೆ. ಕಟ್ಟಡ ನಿಂತಲ್ಲೇ ಎತ್ತರವಾಯಿತು. ಅವಳಿಗೆ ಗಂಧಪ್ರಸಾದದ ವಿಷಯ ಗೊತ್ತಿಲ್ಲ, ಪಾಪ, ನಗಿಸಲಿಕ್ಕೆ ಹೇಳಿದಳು. ವಿಖ್ಯಾತ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈ ತೊಳೆದ.

ಅಂದಿನಿಂದ ಈ ಮನೆ ಸರಿಯಿಲ್ಲ ಅಣ್ಣಾ. ಈಗ ಅವನು ಕೆಳಗಿನ ಕೆಲಸವನ್ನೇ ಕೇಳಿ ಮಾಡುತ್ತಾನೆ, ಹತ್ತುವಾಗ ಸೊಂಟಕ್ಕೆ ಕಟ್ಟುವ ಬೆಲ್ಟ್ ಬಾಗಿಲ ಹತ್ತಿರ ನೇತಾಡುತ್ತದೆ. ಹಗಲು ಇಬ್ಬರೂ ಹೋದ ಮೇಲೆ, ಕಿಟಕಿ ಎಲ್ಲ ಮುಚ್ಚಿದ್ದರೂ, ಅದರ ಕೊಕ್ಕೆಗೆ ಕೊಕ್ಕೆ ತಾಗುವ ಸದ್ದು ಕೇಳುತ್ತದೆ. ಅದು ಹೀಟರಿನ ಪೈಪ್ ಎಂದು ತನುಶ್ರೀ ಹೇಳುತ್ತಾಳೆ. ಇರಬಹುದು. ನಾನು ಬೆಲ್ಟಿಗೆ ಹಳೇ ಸೀರೆ ಸುತ್ತಿ ಚಪ್ಪಲಿ ಕಪಾಟಿನೊಳಗೆ ಇಟ್ಟೆ. ಈಗ ಸದ್ದು ಕಪಾಟಿನೊಳಗಿಂದ ಬರುತ್ತದೆ. ಮೊನ್ನೆ ನಾನು ಬೀನ್ಸ್ ಹೆಚ್ಚುವಾಗ ವಿಖ್ಯಾತ ಎದುರು ಬಂದು ಕೂತ. ನನ್ನ ಮುಖ ನೋಡದೆ, "ಅಮ್ಮಾ, ಬೀಳುವಾಗ ಅಪ್ಪ ಕೂಗಿದ್ರಾ?" ಎಂದು ಕೇಳಿದ. ಇಷ್ಟು ವರ್ಷ ಕೇಳಿದವನಲ್ಲ. ನನಗೆ ಹೇಗೆ ಗೊತ್ತು, ನಾನು ಅಲ್ಲಿರಲಿಲ್ಲ. ಆದರೂ ಇಲ್ಲ ಅಂದೆ. ಅವನು ಆ ಕಂಬದಲ್ಲಿದ್ದಾಗ ಕಾಲಿನ ಕೆಳಗಿಂದ ಯಾರೋ "ಇಳಿ ಮಗಾ, ಇಳಿ ಮಗಾ" ಎಂದು ಕರೆದ ಹಾಗಾಯಿತಂತೆ. ತುಳುವಿನಲ್ಲಿ. ಮನೀಶ ಅವನ ಮೇಲಿದ್ದ, ಅವನಿಗೆ ತುಳು ಬರುವುದೂ ಇಲ್ಲ.

ಆ ಕಂಬದ ಕೆಲಸ ಇನ್ನೂ ಪೂರ್ತಿ ಆಗಿಲ್ಲ. ಮುಂದಿನ ತಿಂಗಳ ಕೊನೆಗೆ ಮತ್ತೆ ಹತ್ತಬೇಕಂತೆ. ಸಂಕ್ರಮಣದಂದು ದೈವಕ್ಕೆ ಬಡಿಸುವ ತಂಬಿಲ ಅದಕ್ಕಿಂತ ಮೊದಲೇ ಬರುತ್ತದೆ, ನೋಡಿದ್ದೇನೆ. ಬಡಿಸಿ ಆದ ಮೇಲೆ ನೀವು ದೈವದಲ್ಲಿ ಕೇಳಬೇಕು. ಹುಡುಗ ಹತ್ತಿದ ದಿನ ಅದು ಆಂಟೆನಾ, ಇಳಿದ ಮೇಲೆ ಶಿಖರವಾಯಿತು. ಹಾಗಾದರೆ ಕೊಟ್ಟ ಮಾತು ತಪ್ಪಿತೋ ಇಲ್ಲವೋ? ಮನುಷ್ಯರ ಸಂಘದ ಅಳತೆ ದೈವಕ್ಕೆ ನಡೆಯುತ್ತದೋ? ಇಲ್ಲ, ಆಂಟೆನಾ ಎಂದು ಹತ್ತಿದ್ದೆಲ್ಲ ಮೊದಲಿಂದಲೂ ತಪ್ಪೇ ಆಗಿತ್ತೋ? ತಪ್ಪಾಗಿದ್ದರೆ ಅವನ ಹೆಸರಿನಲ್ಲಿ ನಾನು ತಪ್ಪುಕಾಣಿಕೆ ಇಡುತ್ತೇನೆ. ಇನ್ನು ಹತ್ತಬೇಡ ಎಂದು ಅವನಿಗೆ ಹೇಳಿದ್ದೇನೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ. ಕಾಗದ ಸಿಕ್ಕಿದ ಕೂಡಲೆ ಒಂದು ಮಿಸ್‌ಕಾಲ್ ಕೊಡಿ, ನಾನು ಎತ್ತುವುದಿಲ್ಲ, ಸಿಕ್ಕಿತೆಂದು ತಿಳಿದುಕೊಳ್ಳುತ್ತೇನೆ.

ನಿಮ್ಮ ತಂಗಿ
ಅಕ್ಕು

ತಾ.ಕ.: ಮಂಗಳವಾರ ಮಧ್ಯಾಹ್ನ. ಅಂಟಿಸಿದ ಲಕೋಟೆ ಬಿಡಿಸಿ ಬರೆಯುತ್ತಿದ್ದೇನೆ. ಮುಂದೆ ಗಾಳಿ ಜಾಸ್ತಿಯಾಗುತ್ತದೆಂದು ಆ ಕೆಲಸವನ್ನು ಇವತ್ತಿಗೇ ಇಟ್ಟರಂತೆ. ವಿಖ್ಯಾತ ತನ್ನಿಂದಾಗದು ಎಂದು ಹೇಳಿಬಿಟ್ಟ. ಈಗ ಫೋನ್ ಮಾಡಿ, "ಅಮ್ಮಾ, ನಾನು ಕೆಳಗಿದ್ದೇನೆ" ಅಂದ. ನನಗೆ ಹೋದ ಜೀವ ಬಂತು. ಹಾಗಾದರೆ ಮೇಲೆ ಯಾರು ಎಂದು ಕೇಳಿದೆ. ಮನೀಶ್ ಹೋಗಿದ್ದಾನೆ. ಇಲ್ಲಿ ಎದುರಿನ ಮರದಿಂದ ಎಲೆ ಉದುರುತ್ತಾ ಉಂಟು, ಗಾಳಿಗೋ ತಾನಾಗಿಯೋ ತಿಳಿಯುವುದಿಲ್ಲ. ಮೈಸೂರಿನಲ್ಲಿರುವ ಅವನ ಅಮ್ಮ ಅವನಿಂದ ಯಾವ ಮಾತೂ ತೆಗೆದುಕೊಂಡಿಲ್ಲ. ಇವತ್ತು ಅವನು ಮೇಲಿದ್ದಾನೆಂದು ಅವರಿಗೆ ಗೊತ್ತೂ ಇಲ್ಲ. ನನಗೆ ಗೊತ್ತು. ಮೇಲೆ ಬರೆದದ್ದನ್ನೆಲ್ಲ ಆಮೇಲೆ ಓದಿ ಅಣ್ಣಾ. ಇದು ನಿಮಗೆ ಮುಟ್ಟುವಾಗ ಅವನು ಇಳಿದು ಎಷ್ಟೋ ದಿನ ಆಗಿರುತ್ತದೆ, ಅಷ್ಟು ನನಗೂ ತಿಳಿಯುತ್ತದೆ. ಆದರೂ ಮೊದಲು ಅವನ ಹೆಸರು ಹೇಳಿ. ಮನೀಶ್. ನಮ್ಮ ದೈವಕ್ಕೆ ಗುರುತಿಲ್ಲದ ಹುಡುಗ, ಸರಿಯಾಗಿ ಕೇಳುವ ಹಾಗೆ ಹೇಳಿ.